ಚಿಕ್ಕಪ್ಪನಿಗೆ ಕರಿದ ಕೋಳಿ

ಎಣ್ಣೆಯ ಬಾಣಲೆ ಒಲೆಯ ಮೇಲಿಡುವ ಮೊದಲು ನಾನು ಅಡುಗೆಮನೆಯ ಕಿಟಕಿ ಮುಚ್ಚುತ್ತೇನೆ. ಆಮೇಲೆ ಮುಂಬಾಗಿಲಿನ ಚಿಲಕ ಹಾಕಿದೆಯೇ ಎಂದು ಒಮ್ಮೆ ನೋಡಿ ಬರುತ್ತೇನೆ. ಸಾನಪಾಡಾದ ಈ ಫ್ಲ್ಯಾಟು ನಮ್ಮ ಸ್ವಂತದ್ದು. ಪಕ್ಕದ ಮನೆಯವರು ವಾರವಿಡೀ ಮೀನು ಹುರಿಯುತ್ತಾರೆ, ಅವರ ಬಂಗಡೆಯ ವಾಸನೆ ಲಿಫ್ಟಿನಲ್ಲೂ ಇರುತ್ತದೆ. ನನ್ನನ್ನು ಇಲ್ಲಿಂದ ಎಬ್ಬಿಸುವವರು ಯಾರೂ ಇಲ್ಲ. ಆದರೂ ಕೈ ತಾನಾಗಿ ಕಿಟಕಿಗೆ ಹೋಗುತ್ತದೆ. ಮೊಮ್ಮಗಳಿಗೆ ಶಾಲೆಯಿಂದ ಬಂದ ಕೂಡಲೇ ಚಿಕನ್ ಟೆಂಡರ್ ಬೇಕು, ಅಂಗಡಿಯದ್ದಲ್ಲ, ಅಜ್ಜಿ ಮಾಡಿದ್ದೇ ಬೇಕು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ತುಳು ಅರ್ಧಂಬರ್ಧ. ಉತ್ತರ ಮಾತ್ರ ಹಿಂದಿಯಲ್ಲಿ.

“ಅಜ್ಜೀ, ಕಿತ್ನಾ ಧುವಾಂ ಹೋ ರಹಾ ಹೈ. ಖಿಡ್ಕೀ ಖೋಲೋ ನಾ.”

ಹೊಗೆಯಂತೆ, ಕಿಟಕಿ ತೆರೆಯಬೇಕಂತೆ. ತೆರೆಯುತ್ತೇನೆ. ಅವಳು ಟಿವಿಯ ಮುಂದೆ ಹೋಗಿ ಕುಳಿತ ಮೇಲೆ ಮತ್ತೆ ಮುಚ್ಚುತ್ತೇನೆ. ಇದು ಅಜ್ಜಿಯ ಸ್ವಭಾವ ಎಂದು ಮನೆಯವರೆಲ್ಲ ನನ್ನನ್ನು ಆಡಿಕೊಳ್ಳುತ್ತಾರೆ. ಸ್ವಭಾವ ಎನ್ನುವುದೇನು ಆಕಾಶದಿಂದ ಉದುರುತ್ತದೆಯೇ? ನನ್ನದು ಡೊಂಬಿವಲಿಯ ಒಂದು ಬಾಡಿಗೆಯ ಕೋಣೆಯಲ್ಲಿ ತಯಾರಾದದ್ದು. ಆ ಕೋಣೆಯನ್ನು ಕಳೆದುಕೊಳ್ಳುತ್ತೇವೆ ಎಂಬ ಹೆದರಿಕೆಯಲ್ಲೇ ನಾನು ಓದಿದೆ, ಉಂಡೆ, ಎತ್ತರವಾದೆ.

ಅದು ಡೊಂಬಿವಲಿ ಈಸ್ಟಿನ, ಅಂದರೆ ರೈಲು ಸ್ಟೇಷನ್ನಿನ ಪೂರ್ವದ ಬದಿಯ, ಹಳೆಯ ಬಿಲ್ಡಿಂಗಿನ ಮಹಡಿಯ ಮೇಲಿತ್ತು. ಕೆಳಗೆ ಮಾಲೀಕರಾದ ಲೇಲೆ ಕಾಕಾ ಮತ್ತು ಅವರ ಹೆಂಡತಿ ಕಾಕು. ಮೇಲೆ ಸಾಲಾಗಿ ಬಾಡಿಗೆಯ ಕೋಣೆಗಳು, ಅವುಗಳ ಮುಂದೆ ಉದ್ದಕ್ಕೂ ಎಲ್ಲರಿಗೂ ಸೇರಿದ ಒಂದು ಗ್ಯಾಲರಿ. ನಮ್ಮದು ಕೊನೆಯ ಕೋಣೆ. ಅಮ್ಮ ಹಳೆಯ ಸೀರೆಯನ್ನು ಪರದೆ ಮಾಡಿ ಒಂದು ಕೋಣೆಯನ್ನು ಎರಡು ಮಾಡಿದ್ದಳು. ಪರದೆಯ ಈಚೆ ಮಂಚ, ಟ್ರಂಕು, ಅಪ್ಪನ ರೇಡಿಯೋ. ಆಚೆ ಸೀಮೆಎಣ್ಣೆಯ ಸ್ಟೋವು, ನೀರಿನ ಹಂಡೆ, ಪಾತ್ರೆ ತೊಳೆಯುವ ಮೋರಿ. ಮೋರಿಯ ಮೇಲೊಂದು ಕಿಟಕಿ, ಆ ಕಿಟಕಿಯ ನೇರ ಕೆಳಗೆ ಕಾಕುವಿನ ತುಳಸಿಕಟ್ಟೆ. ನಮ್ಮ ಒಗ್ಗರಣೆಗೆ ಇವತ್ತು ಇಂಗು ಬಿತ್ತೋ ಇಲ್ಲವೋ ಎನ್ನುವುದನ್ನು ಕಾಕು ತುಳಸಿಗೆ ನೀರು ಹಾಕುತ್ತಾ ಹೇಳಬಲ್ಲವಳಾಗಿದ್ದಳು. ಕೆಟ್ಟ ಹೆಂಗಸಲ್ಲ. ನನಗೆ ಜ್ವರ ಬಂದರೆ ಮೊದಲು ಮೇಲೆ ಬರುತ್ತಿದ್ದವಳು ಅವಳೇ. ಆದರೆ ಅವಳ ಮೂಗು ನಮ್ಮ ಮನೆಯ ಮೇಲೆ ಸದಾ ಇಟ್ಟ ಕಣ್ಣಾಗಿತ್ತು.

ಆ ಕೋಣೆಯನ್ನು ನಮಗೆ ಕೊಡಿಸಿದವನು ಅಪ್ಪನ ತಮ್ಮ, ನನ್ನ ಸಂಜೀವ ಚಿಕ್ಕಪ್ಪ. ಬಾಡಿಗೆಗೆ ಕೋಣೆ ಕೇಳಿದರೆ ಮೊದಲು ಜಾತಿ, ಆಮೇಲೆ ಊಟ ವಿಚಾರಿಸುವ ಕಾಲ. ನೀವು ಯಾವ ಕಡೆಯವರು ಎಂದು ಕಾಕು ಕೇಳಿದಾಗ ಚಿಕ್ಕಪ್ಪ ತನ್ನ ಮರಾಠಿಯಲ್ಲಿ, ನಾವು ಉಡುಪಿಯವರು ಎಂದನಂತೆ. ಕಾಕುವಿನ ಮುಖ ಅರಳಿತು. ಅಲ್ಲಿನವರಿಗೆ ಉಡುಪಿ ಎಂದರೆ ಊರಲ್ಲ, ಇಡ್ಲಿ ಸಾಂಬಾರಿನ ಹೋಟೆಲಿನ ಬೋರ್ಡು. ಹಾಗಾದರೆ ಶುದ್ಧ ಶಾಕಾಹಾರಿಗಳು, ಬಹಳ ಒಳ್ಳೆಯದಾಯಿತು ಎಂದಳು. ಚಿಕ್ಕಪ್ಪ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ನಕ್ಕ. ಉಡುಪಿಯ ಹತ್ತಿರದ ಹಳ್ಳಿಯ ನಾವು ಮೀನಿಲ್ಲದ ದಿನವನ್ನು ಊಟದ ಲೆಕ್ಕಕ್ಕೇ ಹಿಡಿಯದ ಜನ ಎಂದು ಅವಳಿಗೆ ಹೇಳುವವರು ಯಾರು? ಕಾಕು ಒಂದು ಮಾತನ್ನು ಮಾತ್ರ ಸ್ಪಷ್ಟವಾಗಿ ಹೇಳಿಟ್ಟಳು. ಈ ಮನೆಯಿಂದ ಮೀನು ಮಾಂಸದ ವಾಸನೆ ಬಂದ ದಿನ ಸಾಮಾನು ಕಟ್ಟಬೇಕು.

ಹೀಗಾಗಿ ನಾವು ಬಾಯಿ ಕಟ್ಟಿ ಬದುಕಿದೆವು. ಊರಿನಿಂದ ಯಾರಾದರೂ ಒಣಮೀನು ತಂದರೆ ಅಪ್ಪ ಅದನ್ನು ಸ್ಟೇಷನ್ನಿನಲ್ಲೇ ಇನ್ನೊಬ್ಬರಿಗೆ ದಾಟಿಸಿ ಬರುತ್ತಿದ್ದ. ನನಗೆ ಮೊಟ್ಟೆ ಬೇಯಿಸಿದ ದಿನ ಅದರ ಸಿಪ್ಪೆ ಕಾಗದದಲ್ಲಿ ಸುತ್ತಿಕೊಂಡು ಅಪ್ಪನ ಚೀಲದಲ್ಲಿ ಅಂಬರನಾಥದವರೆಗೆ, ಅವನ ಕಾರ್ಖಾನೆಯ ಗೇಟಿನ ಕಸದ ತೊಟ್ಟಿಯವರೆಗೆ ಪ್ರಯಾಣ ಮಾಡುತ್ತಿತ್ತು. ನಾನು ಶಾಲೆಗೆ ಹೊರಡುವ ಮುಂಚೆ ಯೂನಿಫಾರ್ಮಿನ ತೋಳು ಮೂಸಿ ನೋಡಿಕೊಳ್ಳುತ್ತಿದ್ದೆ. ಯಾರು ಹೇಳಿಕೊಟ್ಟದ್ದೂ ಅಲ್ಲ. ಅಮ್ಮ ಮೂಸುವುದನ್ನು ನೋಡಿ ಕಲಿತದ್ದು.

ಚಿಕ್ಕಪ್ಪ ಠಾಣೆ ಶಹರದ ಮಾಜಿವಾಡಾದಲ್ಲಿ, ಹೈವೇಯ ಮೇಲಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದ. ಅಲ್ಲೇ ಊಟ, ಅಲ್ಲೇ ನಿದ್ದೆ. ಅಪ್ಪನ ಕಾರ್ಖಾನೆಗೆ ಶುಕ್ರವಾರ ರಜೆ, ಆ ಭಾಗದ ಕಾರ್ಖಾನೆಗಳಿಗೆಲ್ಲ ಹಾಗೆಯೇ. ಅದಕ್ಕೆ ಹೊಂದಿಸಿ ಚಿಕ್ಕಪ್ಪನೂ ಶುಕ್ರವಾರವೇ ರಜೆ ಹಾಕಿ ಬರುತ್ತಿದ್ದ. ಬರುವಾಗ ಅಂಗಿಯ ಒಳಗೆ ಬಚ್ಚಿಟ್ಟ ಒಂದು ಪೊಟ್ಟಣ. ಅದರಲ್ಲಿ ಬೆರಳುದ್ದದ, ಮೂಳೆಯಿಲ್ಲದ ಕೋಳಿಯ ತುಂಡುಗಳು, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದದ್ದು. ಹೋಟೆಲಿನವರು ಅದಕ್ಕೆ ಫಿಂಗರ್ ಚಿಕನ್ ಎನ್ನುತ್ತಿದ್ದರು. ಮೊಮ್ಮಗಳ ಟೆಂಡರ್ ಬೇರೇನಲ್ಲ, ಅದೇ. ಬಾಗಿಲು ಹಾಕಿಕೊಂಡು, ಪರದೆಯ ಹಿಂದೆ, ಮೋರಿಯ ಪಕ್ಕ ಕುಳಿತು ನಾವು ತಿನ್ನುತ್ತಿದ್ದೆವು. ಅಷ್ಟು ಹೊತ್ತಿಗೆ ಅದು ಆರಿ, ಲೋಕಲ್ ರೈಲಿನ ಸೆಕೆಗೆ ಬೆವತು, ಮೆತ್ತಗಾಗಿರುತ್ತಿತ್ತು. ನನಗೆ ಅದೇ ಅಮೃತ. ಚಿಕ್ಕಪ್ಪನಿಗೆ ಮಾತ್ರ ಸಮಾಧಾನವಿಲ್ಲ.

“ಇದು ಇದಲ್ಲ ಅತ್ತಿಗೆ. ಬಾಣಲೆಯಿಂದ ತೆಗ್ದ ಕೂಡ್ಲೇ ತಿನ್ಬೇಕು. ಕಚ್ಚಿದ್ರೆ ಪಕ್ಕದ ಮನೆಯವರಿಗೆ ಕೇಳ್ಬೇಕು.”

“ಪಕ್ಕದ ಮನೆಯವರಿಗೆ ಕೇಳುವುದೇ ಬೇಡ ಮಾರಾಯ, ಮೆತ್ತಗೇ ಇರ್ಲಿ.”

ಮನೆಯಲ್ಲಿ ತುಳುವಿನಲ್ಲಿ ಆಡುತ್ತಿದ್ದ ಈ ಮಾತುಗಳನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮಗೊಂದು ಸ್ವಂತ ಕೋಣೆಯಾದ ದಿನ ತಾನೇ ಬಂದು ಕರಿದು, ಬಿಸಿ ಬಿಸಿ ಎಲ್ಲರಿಗೂ ತಿನ್ನಿಸುತ್ತೇನೆ ಎನ್ನುವುದು ಚಿಕ್ಕಪ್ಪನ ಹಂಬಲ. ಆ ದಿನ ಬರುವವರೆಗೆ ಕೈಸನ್ನೆಯಲ್ಲೇ ಕರಿದು ತೋರಿಸುತ್ತಿದ್ದ. ಎದೆಯ ಮಾಂಸವನ್ನು ಎಳೆಯ ಉದ್ದಕ್ಕೇ ಕೊಯ್ಯಬೇಕು, ಅಡ್ಡ ಕೊಯ್ದರೆ ಕೆಟ್ಟಿತು. ಮೈದಾಕ್ಕೆ ಒಂದು ಹಿಡಿ ಅಕ್ಕಿಹಿಟ್ಟು ಸೇರಿಸಬೇಕು. ಅದು ಹೋಟೆಲಿನದ್ದಲ್ಲ, ತನ್ನ ಸ್ವಂತ ಬುದ್ಧಿ ಎಂದು ಎದೆ ಮುಟ್ಟಿಕೊಳ್ಳುತ್ತಿದ್ದ. ಹಳೆಯ ಪಾವು ಬ್ರೆಡ್ಡನ್ನು ಒಣಗಿಸಿ ತರಿತರಿಯಾಗಿ ಪುಡಿ ಮಾಡಬೇಕು. ಒಮ್ಮೆ ಹದ ಉರಿಯಲ್ಲಿ ಕರಿದು ತೆಗೆದು, ಆರಲು ಬಿಟ್ಟು, ಮತ್ತೊಮ್ಮೆ ಜೋರು ಉರಿಯಲ್ಲಿ ಕರಿಯಬೇಕು. ಸೌಟಿನ ತುದಿಯಿಂದ ತಟ್ಟಿದರೆ ಟಕ್ ಎನ್ನಬೇಕು.

ಒಂದು ಮಳೆಗಾಲ ಅವನಿಗೆ ಕಾಮಾಲೆ ಬಂತು. ಹೋಟೆಲಿನವರು ನಮ್ಮ ಮನೆಗೆ ತಂದು ಬಿಟ್ಟರು. ಕಣ್ಣು, ಉಗುರು, ಹಾಸಿದ ಬೆಡ್‌ಶೀಟು ಎಲ್ಲ ಅರಿಸಿನ. ಎಣ್ಣೆ ಮುಟ್ಟಿಸಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅಮ್ಮ ಗಂಜಿ, ಮಜ್ಜಿಗೆ, ನೆಲನೆಲ್ಲಿಯ ರಸ ಕೊಟ್ಟು ನೋಡಿಕೊಂಡಳು. ಕೆಳಗಿನಿಂದ ಕಾಕು ದಿನವೂ ಹೆಸರುಬೇಳೆಯ ಕಟ್ಟು ಕಳಿಸುತ್ತಿದ್ದಳು. ಬಿಲ್ಡಿಂಗಿಗೆ ನೀರು ಬಾರದ ದಿನಗಳಲ್ಲಿ ಅವಳ ಕೊಡಗಳನ್ನು ಬೋರಿಂಗಿನ ಕೈಪಂಪಿನಿಂದ ತುಂಬಿ ತಂದುಕೊಡುತ್ತಿದ್ದವನು ಚಿಕ್ಕಪ್ಪ. ಅವಳನ್ನು ಅವನು ಆಯೀ, ಅಮ್ಮ, ಎಂದೇ ಕರೆಯುತ್ತಿದ್ದ. ಗಂಜಿ ಕಂಡರೆ ಮುಖ ತಿರುಗಿಸುವಷ್ಟು ಬೇಸತ್ತ ಮೇಲೆ ಒಂದು ದಿನ ಅವನು ಅಮ್ಮನ ಹತ್ತಿರ ಒಂದೇ ಒಂದು ತುಂಡು ಫಿಂಗರ್ ಚಿಕನ್ ಕೇಳಿದ. ನಾನು ಮಂಚದ ಕಾಲಿನ ಹತ್ತಿರ ಕುಳಿತು ಲೆಕ್ಕ ಮಾಡುತ್ತಿದ್ದೆ.

“ನೀನು ಮೊದ್ಲು ಗುಣ ಆಗು ಸಂಜೀವ,” ಎಂದಳು ಅಮ್ಮ. “ಕಾಕು ಓಡಿಸಿದ್ರೆ ಓಡಿಸ್ಲಿ. ನಾನೇ ಇಲ್ಲಿ ಕರ್ದು ಕೊಡ್ತೇನೆ. ಟಕ್ ಅನ್ನುವ ಹಾಗೆ.”

ಅವನು ಗುಣವಾಗಲಿಲ್ಲ. ಠಾಣೆಯ ಆಸ್ಪತ್ರೆಗೆ ಸೇರಿಸಿದರು, ಅಲ್ಲಿಂದ ವಾಪಸು ಬರಲಿಲ್ಲ. ಸುದ್ದಿ ಬಂದ ದಿನ ಕಾಕು ನಮ್ಮ ಹೊಸ್ತಿಲಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಮ್ಮ ಅಳಲಿಲ್ಲ. ಪರದೆಯ ಆಚೆ ಮೋರಿಯ ಹತ್ತಿರ ನಿಂತು ಖಾಲಿ ಬಾಣಲೆಯನ್ನು ತಿಕ್ಕಿ ತಿಕ್ಕಿ ತೊಳೆದಳು.

ಮರುವರ್ಷ ಆಟಿ ಬಂತು. ತುಳುವರ ಆಟಿ ತಿಂಗಳು ಎಂದರೆ ಮಳೆ ಜಡಿ ಹಿಡಿದು ಹೊಯ್ಯುವ ತಿಂಗಳು. ಆಗ ನಮ್ಮ ಕಡೆ ಸತ್ತವರನ್ನು ಊಟಕ್ಕೆ ಕರೆಯುತ್ತಾರೆ. ಬದುಕಿದ್ದಾಗ ಅವರಿಗೆ ಯಾವುದು ಇಷ್ಟವೋ ಅದನ್ನೇ ಮಾಡಿ, ರುಚಿ ನೋಡದೆ, ಎಲೆಯ ಮೇಲೆ ಬಡಿಸಬೇಕು. ಬಡಿಸಿದ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿಕೊಂಡು ನಿಲ್ಲಬೇಕು, ಅವರು ಉಣ್ಣುವಷ್ಟು ಹೊತ್ತು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಅದೇ ಎಲೆಯದ್ದನ್ನು ಎಲ್ಲರೂ ಹಂಚಿಕೊಂಡು ತಿನ್ನಬೇಕು. ಊರಲ್ಲಿ ಅಜ್ಜಿ ಹೇಗೂ ಬಡಿಸುತ್ತಾಳೆ, ಇಲ್ಲಿ ಬೇಡ, ಕೋಣೆ ಹೋದರೆ ಬೀದಿಗೆ ಬೀಳುತ್ತೇವೆ ಎಂದು ಅಪ್ಪ ವಾದಿಸಿದ. ಆ ವಾದ ಆಟಿ ಶುರುವಾದಂದಿನಿಂದ ದಿನವೂ ನಡೆಯಿತು. ಊಟಕ್ಕೆ ಕುಳಿತರೆ ಅದೇ ಮಾತು, ತಟ್ಟೆಯ ಮೇಲೆ ತಟ್ಟೆ ಕುಕ್ಕುವ ಸದ್ದು. ಕೊನೆಗೆ ಅಮ್ಮ ಹೇಳಿದಳು.

“ಊರಲ್ಲಿ ಬಡಿಸಿದ್ದನ್ನು ತಿನ್ಲಿಕ್ಕೆ ಅವ ಊರಿಗೆ ಹೋಗ್ಬೇಕಲ್ಲ? ಅವ ಮಲಗಿದ್ದು ಈ ಮಂಚದಲ್ಲಿ. ನಾನು ಮಾತು ಕೊಟ್ಟದ್ದು ಇಲ್ಲಿ.”

ಅಪ್ಪ ಒಪ್ಪಿದ. ಒಪ್ಪಿದ ಮೇಲೆ ಅವನಷ್ಟು ಹುಷಾರಾಗಿ ಯೋಜನೆ ಹಾಕುವವರು ಇನ್ನೊಬ್ಬರಿಲ್ಲ. ಶುಕ್ರವಾರ ಮಧ್ಯಾಹ್ನ ಕಾಕು ಗಣಪತಿ ಗುಡಿಯ ಭಜನೆಗೆ ಹೋಗುತ್ತಾಳೆ, ಕಾಕಾ ಮಲಗಿರುತ್ತಾನೆ, ಆ ಹೊತ್ತಿಗೆ ಮುಗಿಸುವುದು. ಕೋಳಿಯನ್ನು ಡೊಂಬಿವಲಿಯಲ್ಲಿ ಕೊಳ್ಳುವುದು ಬೇಡ, ಪರಿಚಯದವರು ನೋಡಿಯಾರು. ಕಲ್ಯಾಣದಿಂದ ತರುವುದು, ಅದೂ ಅವನ ಊಟದ ಡಬ್ಬಿಯಲ್ಲಿ. ಮೂಳೆಯಿಲ್ಲದ್ದು, ಆದ್ದರಿಂದ ಕಸದ ಚಿಂತೆಯಿಲ್ಲ. ಮೊದಲು ಬಟಾಟೆ ಭಜಿ ಕರಿಯುವುದು, ಗ್ಯಾಲರಿಯ ತುಂಬ ಕಡಲೆಹಿಟ್ಟಿನ ವಾಸನೆ ಹರಡುವುದು, ಪಕ್ಕದ ಮನೆಗೆ ಒಂದು ತಟ್ಟೆ ಕೊಟ್ಟುಬಿಡುವುದು. ಇಷ್ಟೆಲ್ಲ ಯೋಚಿಸಿದವರು ಗೋಡೆಯ ಮೇಲಿದ್ದ ಮರಾಠಿ ಕ್ಯಾಲೆಂಡರನ್ನು ಮಾತ್ರ ನೋಡಲಿಲ್ಲ.

ಆ ಶುಕ್ರವಾರ ನಾನು ಬೆಳಗಿನ ಶಾಲೆ ಮುಗಿಸಿ ಬರುವಾಗ ಅಪ್ಪ ಡಬ್ಬಿಯೊಂದಿಗೆ ಬಂದಾಗಿತ್ತು. ಅಮ್ಮ ಮಂಚದ ಪಕ್ಕ ದೀಪ ಹಚ್ಚಿ, ಮಧ್ಯಾಹ್ನ ಊಟಕ್ಕೆ ಬಾ ಎಂದು ಚಿಕ್ಕಪ್ಪನನ್ನು ಕರೆದೂ ಆಗಿತ್ತು. ಕಿಟಕಿಗೆ ಗೋಣಿ ತುರುಕಿದ್ದರು. ಸ್ಟೋವಿನ ಬಿಸಿಗೆ ಒಳಗೆ ಉಸಿರು ಕಟ್ಟುತ್ತಿತ್ತು. ಮಳೆಗಾಲದಲ್ಲಿ ಬಿಸಿಲಿಲ್ಲದೆ ಅಮ್ಮ ಪಾವಿನ ಚೂರುಗಳನ್ನು ಕಾವಲಿಯ ಮೇಲೆ ಒಣಗಿಸಿ ಒರಳಿನಲ್ಲಿ ಕುಟ್ಟಿಟ್ಟಿದ್ದಳು. ಭಜಿ ಕರಿದಾಯಿತು. ಅದರ ತಟ್ಟೆಯನ್ನು ನಾನೇ ಪಕ್ಕದ ಶಾಂತಕ್ಕನ ಮನೆಗೆ ಕೊಟ್ಟು ಬಂದೆ. ಶಾಂತಕ್ಕ ವಿಜಾಪುರದ ಕಡೆಯವಳು, ಈರುಳ್ಳಿ ಮುಟ್ಟುವುದಕ್ಕೂ ವಾರ ನೋಡುವ ಮನೆ. ಆಮೇಲೆ ಅಮ್ಮ ಮೊದಲ ತುಂಡನ್ನು ಎಣ್ಣೆಗೆ ಬಿಟ್ಟಳು. ಆ ವಾಸನೆ ಬಂತು. ಬಾಯಲ್ಲಿ ನೀರು, ಮನಸ್ಸಿನಲ್ಲಿ ಹೆದರಿಕೆ, ಎರಡೂ ಒಟ್ಟಿಗೆ. ನನಗೆ ಈಗಲೂ ಅವು ಒಟ್ಟಿಗೇ ಬರುತ್ತವೆ.

ನಮ್ಮ ಲೆಕ್ಕ ತಪ್ಪಿದ್ದು ತಟ್ಟೆಯಲ್ಲಿ. ಶಾಂತಕ್ಕ ಖಾಲಿ ತಟ್ಟೆ ವಾಪಸು ಮಾಡುವ ಹೆಂಗಸಲ್ಲ ಎನ್ನುವುದು ಅಮ್ಮನಿಗೆ ಹೊಳೆಯದೇ ಹೋಯಿತು. ಮೊದಲ ಸುತ್ತಿನ ತುಂಡುಗಳು ಆರುತ್ತಿದ್ದವು, ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಅಪ್ಪ ಬಾಗಿಲನ್ನು ಒಂದು ಗೇಣು ತೆರೆದು, ಆ ಸಂದಿನಲ್ಲಿ ತಾನೇ ಅಡ್ಡ ನಿಂತ. ಶಾಂತಕ್ಕ ತಟ್ಟೆಯ ತುಂಬ ಶೇಂಗಾದ ಹೋಳಿಗೆ ತಂದಿದ್ದಳು. ತಟ್ಟೆ ಕೊಟ್ಟು, ಮೂಗು ಒಮ್ಮೆ ಮೇಲೆ ಮಾಡಿ, ಅಪ್ಪನ ಭುಜದ ಮೇಲಿನಿಂದ ಪರದೆಯ ಕಡೆ ನೋಡಿದಳು. ಅಮ್ಮ ಪರದೆ ಸರಿಸಿ ಹೊರಗೆ ಬಂದಳು, ಹಣೆಯ ಮೇಲೆ ಬೆವರು, ಕೈಯಲ್ಲಿ ಮೈದಾ.

“ಲಲಿತಾ, ಮೊನ್ನಿ ಅಮಾಸಿ ಆತಲ್ಲವ್ವಾ,” ಎಂದಳು ಶಾಂತಕ್ಕ ಅಮ್ಮನಿಗೆ, ಮೆಲ್ಲಗೆ. “ಶ್ರಾವಣ ಹಿಡದೈತಿ. ಇವತ್ತ ಮೊದಲ್ನೇ ಶುಕ್ರವಾರ. ಕಾಕು ಭಜನಿಗೆ ಹೋಗಿಲ್ಲ, ಮನ್ಯಾಗ ಪೂಜಿ ನಡಸ್ಯಾಳ. ಮುತ್ತೈದೇರಿಗೆ ಕುಂಕುಮ ಕೊಡಾಕ ಮ್ಯಾಲ ಬರ್ತಾಳ ಈಗ.”

ಅಮ್ಮ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದಳು. ನಮ್ಮ ತಿಂಗಳು ಸಂಕ್ರಮಣದಿಂದ ಸಂಕ್ರಮಣಕ್ಕೆ. ನಮ್ಮ ಪಾಲಿಗೆ ಇನ್ನೂ ಆಟಿ ನಡೆಯುತ್ತಿತ್ತು. ಅವರ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಅವರ ಶ್ರಾವಣ ಶುರುವಾಗಿಬಿಟ್ಟಿತ್ತು. ಇಷ್ಟು ವರ್ಷ ಅಲ್ಲಿದ್ದೂ ಇದು ನಮ್ಮ ತಲೆಗೆ ಹೋಗಿರಲಿಲ್ಲ. ವರ್ಷವಿಡೀ ಮಾಂಸ ಬೇಯದ ಮನೆಗೆ ಶ್ರಾವಣ ಬಂದರೇನು, ಹೋದರೇನು? ಬೇರೆ ದಿನವಾದರೆ ಕಾಕು ಬರೀ ಕೋಣೆ ಬಿಡಿಸುತ್ತಿದ್ದಳು. ಶ್ರಾವಣ ಶುಕ್ರವಾರ, ದೇವಿಯ ಪೂಜೆಯ ಹೊತ್ತಿಗೆ, ಅವಳ ತಲೆಯ ಮೇಲೆಯೇ ಕೋಳಿ ಕರಿದರೆ ಅವಳು ಏನು ಮಾಡಬಹುದು ಎಂದು ಯೋಚಿಸುವ ಧೈರ್ಯವೂ ನಮಗಿರಲಿಲ್ಲ. ಶಾಂತಕ್ಕ ಒಂದು ಕ್ಷಣ ನಿಂತು, ತಾನೀಗ ಒಳಗೆ ಹೋಗಿ ಒಣಮೆಣಸಿನಕಾಯಿ ಹುರಿಯುತ್ತೇನೆ, ನಿಮ್ಮ ಕೆಲಸ ಲಗೂ ಮುಗಿಸಿಕೊಳ್ಳಿ ಎಂದು ಹೇಳಿ ಹೋದಳು. ಆ ಪುಣ್ಯಾತ್ಗಿತ್ತಿಯನ್ನು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

ಅಪ್ಪ ಸ್ಟೋವಿನ ಗಾಳಿ ಬಿಡಲು ಬಗ್ಗಿದ. ಎಲ್ಲವನ್ನೂ ಡಬ್ಬಿಗೆ ಹಾಕಿ ಹೊರಗೆ ಒಯ್ಯುತ್ತೇನೆ, ಮುಂದಿನ ವರ್ಷ ನೋಡೋಣ ಎಂದ. ಅಮ್ಮ ಅವನ ಕೈ ಹಿಡಿದಳು.

“ಬಾ ಅಂತ ಹೇಳಿ ಆಗಿದೆ ಅವನಿಗೆ. ಊಟಕ್ಕೆ ಕರ್ದವನನ್ನು ಬಾಗಿಲಿಂದ ವಾಪಸು ಕಳಿಸ್ಲಿಕ್ಕೆ ಆಗ್ತದಾ? ನೀವೇ ಹೇಳಿ.”

ಅಪ್ಪ ನೆಲದ ಮೇಲೆ ಕುಳಿತುಬಿಟ್ಟ. ಆಮೇಲೆ ಎದ್ದು, ತಾನೇ ಸ್ಟೋವಿಗೆ ಪಂಪು ಹೊಡೆದ. ಉರಿ ಭರ್ರೆಂದು ಎದ್ದಿತು. ಅಮ್ಮ ಎರಡನೆಯ ಬಾರಿ ಕರಿದಳು. ಶಾಂತಕ್ಕನ ಮೆಣಸಿನ ಘಾಟು ಗ್ಯಾಲರಿಯಿಂದ ನಮ್ಮ ಬಾಗಿಲ ಸಂದಿಗೂ ನುಗ್ಗಿತು; ಸಾಲಿನ ಎಲ್ಲ ಮನೆಗಳಲ್ಲೂ ಕೆಮ್ಮು. ಆ ಕೆಮ್ಮಿನ ನಡುವೆ ಅಮ್ಮ ಒಂದು ತುಂಡನ್ನು ಜಾಲರಿಯಲ್ಲಿ ಎತ್ತಿ ಸೌಟಿನಿಂದ ತಟ್ಟಿದಳು. ರುಚಿ ನೋಡುವ ಹಾಗಿಲ್ಲ, ಸದ್ದೇ ಆಧಾರ. ಟಕ್ ಎಂದಿತು. ಅವಳು ಅಪ್ಪನನ್ನು ನೋಡಿದಳು.

ಮಂಚದ ಪಕ್ಕ ಬಾಳೆ ಎಲೆ ಹಾಕಿ ಬಡಿಸಿದರು. ಅನ್ನ, ತುಂಡುಗಳು, ಅವನು ಕುಡಿಯುತ್ತಿದ್ದ ಗ್ಲಾಸಿನಲ್ಲಿ ಚಹಾ. ನಾವು ಮೂವರೂ ಗ್ಯಾಲರಿಗೆ ಬಂದೆವು. ಅಪ್ಪ ಬಾಗಿಲು ಎಳೆದುಕೊಂಡ. ಊರಿನಲ್ಲಾದರೆ ಅಂಗಳವಿದೆ, ತೋಟವಿದೆ, ನಿಲ್ಲಬಹುದು. ಇಲ್ಲಿ ನಿಂತರೆ ಎಲ್ಲರ ಕಣ್ಣಿಗೂ ಬೀಳುವ ಗ್ಯಾಲರಿ. ಮನೆಯವರೆಲ್ಲ ತಮ್ಮದೇ ಮುಚ್ಚಿದ ಬಾಗಿಲ ಮುಂದೆ, ಹಬ್ಬದ ಹಾಗೆ ಸ್ನಾನ ಮಾಡಿಕೊಂಡು, ಕೈಕಟ್ಟಿ ನಿಂತಿದ್ದೆವು. ನಾನು ಗ್ಯಾಲರಿಯ ಕಠಡಾದ ಕಂಬಿ ಹಿಡಿದು, ಮಳೆ ನೋಡುವವಳ ಹಾಗೆ ನಟಿಸುತ್ತಿದ್ದೆ. ಬಾಗಿಲ ಕೆಳಗಿನಿಂದ ಕರಿದ ಕೋಳಿಯ ವಾಸನೆ ನನ್ನ ಕಾಲಿನ ಹತ್ತಿರ ಹೊರಗೆ ಬರುತ್ತಿದೆ, ಅದನ್ನು ಪಾದದಿಂದ ಒತ್ತಿ ಒಳಗೆ ತಳ್ಳಬಹುದೇನೋ ಎಂದು ಅನಿಸುತ್ತಿತ್ತು. ಆಗ ಮೆಟ್ಟಿಲ ಮೇಲೆ ಬಳೆಗಳ ಸದ್ದು ಕೇಳಿತು.

ಕಾಕು ರೇಷ್ಮೆಯ ಹಳೆಯ ಸೀರೆ ಉಟ್ಟಿದ್ದಳು. ಕೈಯಲ್ಲಿ ಹಿತ್ತಾಳೆಯ ತಟ್ಟೆ, ಅದರಲ್ಲಿ ಅರಿಸಿನ, ಕುಂಕುಮ, ಹುರಿಗಡಲೆ, ಬೆಲ್ಲ. ಮೆಣಸಿನ ಘಾಟಿಗೆ ಕೆಮ್ಮುತ್ತಾ, ಶಾಂತಕ್ಕನನ್ನು ಬೈಯುತ್ತಾ ಬಂದಳು. ನಮ್ಮ ಹತ್ತಿರ ಬಂದು ನಿಂತಾಗ ಕೆಮ್ಮು ನಿಂತಿತು. ಮೂಗಿನ ಹೊಳ್ಳೆ ಒಮ್ಮೆ ಅರಳಿತು. ತುಮ್ಹೀ ಸಗಳೇ ಬಾಹೇರ್ ಕಾ, ಎಲ್ಲರೂ ಹೊರಗೆ ಯಾಕೆ ಎಂದು ಕೇಳಿದಳು. ಅಪ್ಪ ಸೆಕೆ, ಗಾಳಿ ಎಂದು ಏನೋ ತೊದಲಿದ. ಹೊರಗೆ ಜಡಿಮಳೆ, ಸೆಕೆಯಂತೆ. ಅವಳು ಅಪ್ಪನನ್ನು ನೋಡದೆ ಬಾಗಿಲನ್ನೇ ನೋಡಿ, ಒಳಗೆ ಯಾರು ಎಂದು ಕೇಳಿದಳು.

ನನ್ನಮ್ಮನ ಮರಾಠಿ ತರಕಾರಿ ಕೊಳ್ಳುವಷ್ಟರದು. ಅವಳು ಸೆರಗು ಸರಿಮಾಡಿಕೊಂಡು, ಒಂದೊಂದೇ ಶಬ್ದ ಹುಡುಕಿ ಹೇಳಿದಳು.

“ಸಂಜೀವ್ ಭಾವೋಜೀ ಜೇವತಾಯತ್.”

ಸಂಜೀವ ಭಾವ ಊಟ ಮಾಡುತ್ತಿದ್ದಾರೆ. ಮರಾಠಿಯಲ್ಲಿ ಮೈದುನನಿಗೆ ಹಾಗೆಯೇ ಹೇಳುತ್ತಾರೆ. ಕಾಕು ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಅವಳು ಎಲ್ಲವನ್ನೂ ಮೂಸಿಯಾಗಿತ್ತು. ಕೋಳಿ ಎಂದು ತಿಳಿಯದಷ್ಟು ಮುಗ್ಧೆಯಲ್ಲ. ಶ್ರಾವಣ, ಪೂಜೆ, ಹುಸಿಯಾದ ಉಡುಪಿ, ಎಲ್ಲವೂ ಅವಳ ಮುಖದಲ್ಲಿ ಒಂದರ ಹಿಂದೆ ಒಂದು ಹಾದುಹೋಗುತ್ತಿದ್ದ ಹಾಗೆ ಕಂಡಿತು. ಅಮ್ಮ ತಲೆ ತಗ್ಗಿಸಲಿಲ್ಲ. ಅವಳು ಹಾಗೆ ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕಾಕು ಕೊನೆಗೆ ಬೆರಳಿನಲ್ಲಿ ಕುಂಕುಮ ತೆಗೆದು ಅಮ್ಮನ ಹಣೆಗೆ ಹಚ್ಚಿದಳು, ಕೈಗೆ ಹುರಿಗಡಲೆ ಹಾಕಿದಳು. ಬಾಗಿಲಿನ ಕಡೆ ತಿರುಗಿ, ಒಳಗಿನವರಿಗೆ ಕೇಳದ ಹಾಗೆ ದನಿ ಇಳಿಸಿ ಹೇಳಿದಳು.

“ಜೇವೂ ದೇ ತ್ಯಾಲಾ ಸಾವಕಾಶ್.”

ನಿಧಾನವಾಗಿ ಉಣ್ಣಲಿ ಎಂದು. ಅಷ್ಟೇ. ಬೇರೆ ಯಾರ ಬಾಗಿಲಿಗೂ ಹೋಗದೆ ಮೆಟ್ಟಿಲಿಳಿದು ಹೋದಳು. ಅವಳು ಹೇಳಿದ ಮೇಲೆ ಬೇಗ ತೆರೆಯಲು ಅಮ್ಮನಿಗೆ ಮನಸ್ಸು ಬರಲಿಲ್ಲ, ಇನ್ನೂ ಸ್ವಲ್ಪ ಹೊತ್ತು ನಿಂತೆವು. ಆ ಥಂಡಿಗೆ ತುಂಡುಗಳು ಮೆತ್ತಗಾಗುತ್ತವೆ ಎಂದು ನನಗೊಂದು ಬೇರೆ ಚಿಂತೆ. ಕೊನೆಗೆ ಬಾಗಿಲು ತಟ್ಟಿ ಒಳಗೆ ಹೋದಾಗ ದೀಪ ಹಾಗೆಯೇ ಉರಿಯುತ್ತಿತ್ತು. ಅಮ್ಮ ಮೊದಲ ತುಂಡು ನನಗೆ ಕೊಟ್ಟಳು. ಕಚ್ಚಿದೆ. ಆ ಸದ್ದು ಕೇಳಿ ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಮ್ಮ ಆಗ ಅತ್ತಳು, ಒಂದು ವರ್ಷ ತಡವಾಗಿ. ಉಪ್ಪು ಸ್ವಲ್ಪ ಕಡಿಮೆಯಾಗಿತ್ತು.

ಕೋಳಿಯ ಬಗ್ಗೆ ಕಾಕು ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಪ್ರತಿ ದಿನ ಕೆಳಗಿನಿಂದ ಕರೆ ಬರುತ್ತದೆ ಎಂದು ನಾವು ಕಿವಿ ನಿಮಿರಿಸಿ ಕಾದೆವು. ಗಣೇಶ ಚತುರ್ಥಿಗೆ ಮೋದಕ ಬಂತು. ಕರೆ ಬರಲಿಲ್ಲ. ಹೆದರಿಕೆ ಸ್ವಲ್ಪ ಸಡಿಲಾಯಿತು ಎನ್ನುವಾಗ, ದಸರಾ ಕಳೆದ ಮೇಲೆ ಕಾಕಾ ಅಪ್ಪನನ್ನು ಕೆಳಗೆ ಕರೆದು ಕೂರಿಸಿ, ಚಹಾ ಕೊಟ್ಟು, ಮಗನಿಗೆ ಮದುವೆ ಗೊತ್ತಾಗುತ್ತಿದೆ, ದೀಪಾವಳಿಯ ನಂತರ ಕೋಣೆ ಬೇಕಾಗುತ್ತದೆ ಎಂದ. ಮದುವೆಯೇನೋ ನಿಜವಾಗಿಯೂ ಆಯಿತು, ನಮಗೆ ಕರೆಯೋಲೆಯೂ ಬಂತು. ನಮ್ಮನ್ನು ಎಬ್ಬಿಸಿದ್ದು ಸೊಸೆಯೋ ಕೋಳಿಯೋ ಎಂದು ಅಪ್ಪ ಸಾಯುವವರೆಗೂ ತಲೆ ಕೆಡಿಸಿಕೊಂಡ. ನನ್ನನ್ನು ಕೇಳಿದರೆ ಕೋಳಿಯೇ. ಕಾಕು ಕೊಟ್ಟ ಕುಂಕುಮವೂ ನಿಜ, ಬಿಡಿಸಿದ ಕೋಣೆಯೂ ನಿಜ. ಎರಡನ್ನೂ ಒಂದೇ ಹೆಂಗಸು ಮಾಡಬಲ್ಲಳು ಎಂದು ಒಪ್ಪಿಕೊಳ್ಳಲು ನನಗೆ ಅರ್ಧ ಆಯುಷ್ಯ ಬೇಕಾಯಿತು.

ಅಪ್ಪ ಕಲ್ಯಾಣದಲ್ಲಿ ಇನ್ನೊಂದು ಕೋಣೆ ನೋಡಿದ. ಅಲ್ಲಿ ಮೀನು ತಿನ್ನುವ ಜನರೇ ಹೆಚ್ಚು, ಯಾರಿಗೂ ಹೆದರಬೇಕಾಗಿಲ್ಲ ಎಂದು ಸಮಾಧಾನ ಹೇಳಿದ. ಮದುವೆಯ ಕರೆಯೋಲೆ ಕಳಿಸಲೆಂದು ಕಾಕು ಹೊಸ ವಿಳಾಸ ಬರೆಸಿಕೊಂಡಿದ್ದಳು. ಹೊರಡುವ ದಿನ ಮಂಚ, ಟ್ರಂಕು, ಹಂಡೆ ಎಲ್ಲ ಟೆಂಪೋಗೆ ಏರಿದವು. ಶಾಂತಕ್ಕ ನನ್ನ ಚೀಲಕ್ಕೆ ಶೇಂಗಾದ ಹೋಳಿಗೆ ತುಂಬಿದಳು. ಎಲ್ಲ ಮುಗಿಯಿತು ಎಂದು ಅಪ್ಪ ಕೆಳಗಿನಿಂದ ಕೂಗುತ್ತಿದ್ದ, ಅಮ್ಮ ಮಾತ್ರ ಬರಲಿಲ್ಲ. ಕರೆಯಲು ನಾನು ಮೇಲೆ ಹೋದೆ. ಅವಳು ಖಾಲಿ ಕೋಣೆಯ ಬಾಗಿಲು ಮುಚ್ಚಿ, ಅಂದು ನಿಂತಿದ್ದ ಜಾಗದಲ್ಲೇ ನಿಂತು, ಬಾಗಿಲಿಗೆ ಬಾಯಿ ಹತ್ತಿರ ತಂದು ತುಳುವಿನಲ್ಲಿ ಮಾತಾಡುತ್ತಿದ್ದಳು. ನನ್ನ ಹಿಂದೆ ಮೆಟ್ಟಿಲಿನಲ್ಲಿ, ಕೀಲಿಕೈ ಇಸಿದುಕೊಳ್ಳಲು ಬಂದ ಕಾಕು ನಿಂತಿದ್ದಳು.

“ಸಂಜೀವ, ನಾವು ಇಲ್ಲಿಂದ ಹೊರಟೆವು ಮಾರಾಯ. ಮುಂದಿನ ಆಟಿಗೆ ನೀನು ಇಲ್ಲಿ ಬಂದು ಹುಡುಕ್ಬೇಡ. ಕಲ್ಯಾಣಕ್ಕೆ ಬಾ. ಸ್ಟೇಷನ್ನಲ್ಲಿ ಇಳಿದು ಈಸ್ಟಿಗೆ ಹೊರಗೆ ಬಾ, ಮಸೀದಿ ದಾಟಿ, ಐಸಿನ ಫ್ಯಾಕ್ಟರಿಯ ಹಿಂದೆ...”

ಅಮ್ಮನಿಗೆ ಜೀವಮಾನವಿಡೀ ಈಸ್ಟು ವೆಸ್ಟು ಗೊಂದಲವೇ. ನಮ್ಮ ಹೊಸ ಕೋಣೆ ವೆಸ್ಟಿನಲ್ಲಿತ್ತು. ನಾನು ತಿದ್ದಬೇಕು ಎನ್ನುವಷ್ಟರಲ್ಲಿ, ತುಳುವಿನ ಒಂದಕ್ಷರ ಬಾರದ ಕಾಕು ಮೆಟ್ಟಿಲ ಮೇಲಿನಿಂದಲೇ ಹೇಳಿದಳು.

“ಈಸ್ಟ್ ನಾಹೀ ಲಲಿತಾ, ವೆಸ್ಟ್. ನೀಟ್ ಸಾಂಗ್ ತ್ಯಾಲಾ.”

ಸರಿಯಾಗಿ ಹೇಳು ಅವನಿಗೆ. ಅಮ್ಮ ತಿರುಗಿ ನೋಡಲಿಲ್ಲ. ಬಾಗಿಲನ್ನು ಮತ್ತೊಮ್ಮೆ ತಟ್ಟಿ, ಮೊದಲಿನಿಂದ, ನಿಧಾನವಾಗಿ, ವೆಸ್ಟಿನ ದಾರಿ ಹೇಳತೊಡಗಿದಳು.